ಪ್ಯಾಕೇಜುಗಳ ಕಣಜ: ಬೇಕೇ, ಬೇಡವೇ?

ಡೆಬಿಯನ್ ಲಿನಕ್ಸನ್ನು ನೆಟ್‌ವರ್ಕ್ ಮೂಲಕ ಇನ್‌ಸ್ಟಾಲ್ ಮಾಡುವಾಗ ನಡುವೆ ಒಮ್ಮೆ ಎಚ್‌ಟಿಟಿಪಿ ಪ್ರಾಕ್ಸಿಯ ವಿಳಾಸ ಕೇಳಲಾಗುತ್ತದೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವವರು ಅದನ್ನು ಖಾಲಿ ಬಿಟ್ಟು ಮುಂದೆ ಹೋಗಬಹುದು. ಹತ್ತಾರು ಕಂಪ್ಯೂಟರುಗಳ ಲ್ಯಾಬ್ ನೋಡಿಕೊಳ್ಳುವವರಿಗೆ ಆ ಖಾಲಿ ಜಾಗ ಚರ್ಚೆಯ ವಿಷಯ.

ಅಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿಯಂಥ ಕ್ಯಾಶಿಂಗ್ (ಒಮ್ಮೆ ತಂದ ಪ್ಯಾಕೇಜನ್ನು ಕೂಡಿಟ್ಟು ಹಂಚುವ) ಪ್ರಾಕ್ಸಿಯ ವಿಳಾಸ ಕೊಡಬೇಕೆನ್ನುವವರ ಬೆನ್ನಿಗೆ ಲೆಕ್ಕವಿದೆ. ಒಂದೊಂದಕ್ಕೆ 1.5 ಜಿಬಿ ಪ್ಯಾಕೇಜು ಬೇಕೆಂದುಕೊಂಡರೆ 40 ಕಂಪ್ಯೂಟರುಗಳಿಗೆ 60 ಜಿಬಿ. 50 ಎಂಬಿಪಿಎಸ್ ಸಂಪರ್ಕದಲ್ಲಿ ಡೌನ್‌ಲೋಡೊಂದೇ ಎರಡೂವರೆ ಗಂಟೆ ದಾಟುತ್ತದೆ. ಪ್ರಾಕ್ಸಿ ಇದ್ದರೆ ಹೊರಗಿನಿಂದ ಬರುವುದು ಬಹುಮಟ್ಟಿಗೆ ಒಂದೇ ಪ್ರತಿ. ಮಿಕ್ಕ ಹಂಚಿಕೆ ಲ್ಯಾಬಿನೊಳಗೇ ಮುಗಿಯುತ್ತದೆ. ಪೂರ್ಣ ಮಿರರ್ (ಡೆಬಿಯನ್ ಭಂಡಾರದ ಪ್ರತಿ) ಇಡಲು ಭಾರೀ ಜಾಗ ಬೇಕಾದರೆ, ಈ ಕಣಜ ಕೇಳಿದ್ದನ್ನಷ್ಟೇ ಕೂಡಿಡುತ್ತದೆ.

ಆಕ್ಷೇಪಿಸುವವರ ಮಾತೂ ಹಗುರವಲ್ಲ. ಆ ಒಂದು ಯಂತ್ರ ನಿಂತರೆ ನಲವತ್ತೂ ನಿಲ್ಲುತ್ತವೆ. ಎಚ್‌ಟಿಟಿಪಿಎಸ್ ಮಿರರಿನ ಸಂಚಾರ ಗೂಢಲಿಪಿಯಲ್ಲಿ ಸಾಗುವುದರಿಂದ ಸಾಮಾನ್ಯ ಪ್ರಾಕ್ಸಿ ಅದನ್ನು ಕೂಡಿಡಲಾರದು. ಇನ್‌ಸ್ಟಾಲ್ ವೇಳೆ ಕೊಟ್ಟ ವಿಳಾಸ, ಪ್ಯಾಕೇಜುಗಳನ್ನು ನಿರ್ವಹಿಸುವ ಆಪ್ಟ್‌ನ ಸಂರಚನೆಯಲ್ಲಿ ಹಾಗೆಯೇ ಉಳಿಯುತ್ತದೆಂಬುದು ಇನ್ನೂ ದೊಡ್ಡ ತೊಡಕು: ಲ್ಯಾಪ್‌ಟಾಪ್ ಊರಿಗೆ ಹೋದ ಮೇಲೂ ಲ್ಯಾಬಿನ ಪ್ರಾಕ್ಸಿಯನ್ನೇ ಹುಡುಕುತ್ತದೆ, ಭದ್ರತಾ ಅಪ್‌ಡೇಟುಗಳು ಬಾರದೆ ನಿಲ್ಲುತ್ತವೆ.

ಪ್ರಾಕ್ಸಿ ಕೂಡಿಡಬೇಕೆಂದರೆ ಗೂಢಲಿಪಿಯಿಲ್ಲದ ಎಚ್‌ಟಿಟಿಪಿಯೇ ಬೇಕು; ಅದನ್ನು ನಂಬಬಹುದೇ? ಪರ ಇರುವವರ ಉತ್ತರ ಸ್ಪಷ್ಟ: ಡೆಬಿಯನ್ ನಂಬುವುದು ಸಾಗಣೆಯ ದಾರಿಯನ್ನಲ್ಲ, ಸಹಿಯನ್ನು. ಸೂಚಿಕಡತಕ್ಕೆ ಡಿಜಿಟಲ್ ಸಹಿ ಇರುತ್ತದೆ. ಪ್ರತಿ ಪ್ಯಾಕೇಜಿನ ಹ್ಯಾಶ್ ಆ ಸಹಿಯ ಸರಪಳಿಗೆ ತಾಳೆಯಾಗಬೇಕು. ದಾರಿಯಲ್ಲಿ ತಿದ್ದಿದ್ದು ಸಿಕ್ಕಿಬೀಳುತ್ತದೆ.

ತಾತ್ತ್ವಿಕವಾಗಿ ಇದು ಸರಿ. ಆದರೆ 2019ರ ಜನವರಿಯಲ್ಲಿ ಆಪ್ಟ್‌ನಲ್ಲೇ ದೋಷವೊಂದು ಬಯಲಾಯಿತು: ಎಚ್‌ಟಿಟಿಪಿ ಮರುನಿರ್ದೇಶನವನ್ನು ನಿಭಾಯಿಸುವಲ್ಲಿನ ಲೋಪದಿಂದ, ನಡುದಾರಿಯಲ್ಲಿ ಕುಳಿತವರು ದುಷ್ಟ ಪ್ಯಾಕೇಜನ್ನು ತೂರಿಸಬಹುದಿತ್ತು. ದೋಷವನ್ನು ಕೂಡಲೇ ಸರಿಪಡಿಸಲಾಯಿತಾದರೂ, ಸಹಿಯ ಜೊತೆಗೆ ದಾರಿಗೂ ಕಾವಲು ಬೇಕೆನ್ನುವವರ ಮಾತಿಗೆ ಅದು ತೂಕ ತಂದಿತು.

ಹೀಗಾಗಿ ಒಂದೆರಡು ಕಂಪ್ಯೂಟರುಗಳಿಗೆ ಪ್ರಾಕ್ಸಿಯ ರಗಳೆ ಬೇಡವೆನ್ನಬಹುದು. ಲ್ಯಾಬಿನ ಮಟ್ಟಿಗೆ, ಒಳಜಾಲಕ್ಕಷ್ಟೇ ತೆರೆದ ಪ್ರಾಕ್ಸಿಯನ್ನು ಇನ್‌ಸ್ಟಾಲ್ ವೇಳೆ ಬಳಸಿ, ಕೊನೆಯ ಹಂತದಲ್ಲಿ ಆಪ್ಟ್ ಸಂರಚನೆಯಲ್ಲಿರುವ ಅದರ ವಿಳಾಸದ ಸಾಲನ್ನು ಅಳಿಸುವುದು ಅಥವಾ ಪ್ರಾಕ್ಸಿ ಇದ್ದಾಗ ಮಾತ್ರ ಗುರುತಿಸಿ ಬಳಸುವ ಆಟೋ-ಆಪ್ಟ್-ಪ್ರಾಕ್ಸಿಯನ್ನು ಹಾಕುವುದು ಮೇಲೆಂದು ತೋರುತ್ತದೆ. ಕಣಜ ಲ್ಯಾಬಿನಲ್ಲಿರಲಿ, ಊರಿಗೆ ಹೊರಟ ಲ್ಯಾಪ್‌ಟಾಪಿಗೆ ಅದರ ಹಂಗು ಬೇಡ.