ಬಿಳಿಯ ಎಕ್ಕ

ಇಂಗ್ಲಿಷ್ ಕಾವ್ಯವನ್ನು ಪಠ್ಯವಾಗಿ ಓದಿದವರಿಗೆಲ್ಲ ಪ್ರಿಮ್‌ರೋಸ್ ಎಂಬ ಹೆಸರು ಪರಿಚಿತ. ಹೂವನ್ನು ಕಂಡವರು ವಿರಳ. ಆ ನಾಡಿನ ಕಾಡಂಚಿನಲ್ಲಿ ಅದರ ಸಹಜವರ್ಣ ತಿಳಿಹಳದಿ. ಆದರೂ ಹಳದಿಯ ನಡುವೆ ಬಿಳಿಯದೋ ನಸುಗೆಂಪಿನದೋ ಒಂದು ಗಿಡ, ಯಾರ ಕೃಷಿಯೂ ಇಲ್ಲದೆ, ತಾನಾಗಿ ಅರಳುವುದುಂಟು. ಇಂಥ ಸೋಜಿಗಕ್ಕಾಗಿ ನಾವು ಕಡಲು ದಾಟಬೇಕಾಗಿಲ್ಲ. ಬಾಣಸವಾಡಿಯ ರೈಲುಹಳಿಯ ಬದಿಯನ್ನೋ ಲಿಂಗರಾಜಪುರದಲ್ಲಿ ಉಳಿದಿರುವ ಖಾಲಿ ನಿವೇಶನಗಳನ್ನೋ ಅರಸಿದರೆ ಸಾಕು. ಎಕ್ಕ ಬೆಳೆಯುವುದು ಇಂಥ ಕಡೆಗಳಲ್ಲಿಯೇ.

ಎಕ್ಕದ ಹೂ ಸಾಮಾನ್ಯವಾಗಿ ನಸುನೇರಿಳೆ. ಅಪರೂಪಕ್ಕೊಮ್ಮೆ ಅಚ್ಚ ಬಿಳುಪು. ಈ ಭೇದ ನಮ್ಮ ಪೂರ್ವಿಕರ ಕಣ್ಣಿಗೆ ಬೀಳದೆ ಹೋಗಲಿಲ್ಲ. ಅಮರಕೋಶವು 'ಅರ್ಕ'ದ ಪರ್ಯಾಯನಾಮಗಳನ್ನು ಹೇಳಿ, ಬಿಳಿಯದಕ್ಕೆ 'ಅಲರ್ಕ', 'ಪ್ರತಾಪಸ' ಎಂದು ಬೇರೆಯೇ ಹೆಸರಿಟ್ಟಿದೆ. ಕನ್ನಡದ 'ಎಕ್ಕ' ಆ ಅರ್ಕದ ತದ್ಭವ. ಸಸ್ಯಶಾಸ್ತ್ರಜ್ಞರಿಗಾದರೋ ಎರಡೂ ಒಂದೇ: ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯ. ನೇರಿಳೆಯನ್ನು ಕೊಡುವ ಆಂಥೊಸಯನಿನ್ ಎಂಬ ವರ್ಣದ್ರವ್ಯ ಬಿಳಿಯ ಹೂವಿನಲ್ಲಿ ಮೂಡುವುದಿಲ್ಲ, ವ್ಯತ್ಯಾಸ ಅಷ್ಟೆ. ಹಿತ್ತಿಲಿನ ಶಂಖಪುಷ್ಪ ನೀಲಿಯಾಗಿಯೂ ಬಿಳಿಯಾಗಿಯೂ ಅರಳುವುದಿಲ್ಲವೆ, ಹಾಗೆಯೇ ಇದು.

ಶಂಖಪುಷ್ಪವನ್ನು ಯಾರೂ ಬೇರುಸಹಿತ ಕೀಳುವುದಿಲ್ಲ. ಬಿಳಿಯ ಎಕ್ಕಕ್ಕೆ ಮಾತ್ರ ಅದರ ಬಣ್ಣವೇ ಶತ್ರು. ಅದರ ಬೇರಿನಲ್ಲಿ ಗಣಪತಿಯ ಆಕಾರ ಮೂಡುವುದೆಂಬ ನಂಬಿಕೆಯಿಂದ ಗಿಡವನ್ನು ಅಗೆದು, ಬೇರನ್ನು ಕೆತ್ತಿ ಮಾರುತ್ತಾರೆ. ಗಣಪತಿಗೂ ಆಂಜನೇಯನಿಗೂ ಎಕ್ಕದ ಹಾರ ಹಾಕುವವರನ್ನು ನಾನು ಆಕ್ಷೇಪಿಸಲಾರೆ. ಹೂ ಬಿಡಿಸಿದ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕೊಯ್ದರೂ ಅದಕ್ಕೇನೂ ನಷ್ಟವಿಲ್ಲ. ಬೇರು ಕಿತ್ತ ಮೇಲೆ ಉಳಿಯುವುದೇನು? ಸಾವಿರ ನೇರಿಳೆಯ ಗಿಡಗಳು ಬದುಕಿ, ಅಪರೂಪದ ಒಂದೇ ಒಂದು ಸಾಯುತ್ತದೆ. ಭಕ್ತಿಯ ಹೆಸರಿನ ಈ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ.

ಬೀಜವಿದೆಯಲ್ಲ ಎನ್ನಬಹುದು. ರೇಷ್ಮೆಯಂಥ ಕುಚ್ಚು ಕಟ್ಟಿಕೊಂಡು ಗಾಳಿಯಲ್ಲಿ ತೇಲಿಹೋಗುವ ಬೀಜವೇನೋ ಉಂಟು. ಆದರೆ ಮರ ಕೊರೆಯುವ ದೊಡ್ಡ ಕರಿದುಂಬಿ ಬಣ್ಣ ನೋಡಿ ಪಂಕ್ತಿಭೇದ ಮಾಡುವುದಿಲ್ಲ; ನೇರಿಳೆಯ ಪರಾಗವನ್ನು ಬಿಳಿಯದಕ್ಕೂ ತಂದು ಮುಟ್ಟಿಸುತ್ತದೆ. ಆದುದರಿಂದ ಬಿಳಿಯದರ ಬೀಜದಿಂದ ಬಿಳಿಯದೇ ಹುಟ್ಟೀತೆಂಬ ಭರವಸೆಯಿಲ್ಲ. ಬಣ್ಣ ಕೆಡದೆ ಉಳಿಯಬೇಕಾದರೆ ಬಲಿತ ಕಡ್ಡಿಯೊಂದನ್ನು ಕತ್ತರಿಸಿ, ಹಾಲು ಆರಿದ ಮೇಲೆ, ನೀರು ನಿಲ್ಲದ ಮರಳುಮಣ್ಣಿನಲ್ಲಿ ನೆಡಬೇಕು. ಕಾಂಪೌಂಡಿನ ಬಿಸಿಲು ಬೀಳುವ ಒಂದು ಮೂಲೆ ಸಾಕು. ಹಾಲು ಕಣ್ಣಿಗೆ ತಾಗಿದರೆ ಅಪಾಯ. ಮಕ್ಕಳನ್ನು ದೂರವಿಟ್ಟು, ಕೆಲಸ ಮುಗಿದೊಡನೆ ಕೈ ತೊಳೆಯಿರಿ.