ಎಂಟು ಬೈಟಿಗೂ ಲೆಕ್ಕ ಕೇಳುವವರು

ರಾಜಾಜಿನಗರದ ಹಳೆಯ ವಠಾರಗಳಲ್ಲಿ ಬಾಳಿದವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಆರು ಮನೆಗೆ ಒಂದೇ ಟ್ಯಾಂಕು. ಒಂದು ಮನೆಯವರು ನಲ್ಲಿ ತಿರುಗಿಸಿ ಮರೆತರೆ ಉಳಿದ ಐದು ಮನೆಗೆ ಸ್ನಾನಕ್ಕೂ ನೀರಿಲ್ಲ. ಕಂಪ್ಯೂಟರಿನ ಮೆಮೊರಿಯ ಕಥೆಯೂ ಇದೇ. ಅದನ್ನು ಎಲ್ಲ ಪ್ರೋಗ್ರಾಮುಗಳಿಗೂ ಹಂಚುವುದು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನ ಹೊಣೆ.

ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲೋ ಮಲ್ಲತ್ತಹಳ್ಳಿಯ ಡಾ. ಎಐಟಿಯಲ್ಲೋ ಕಂಪ್ಯೂಟರ್ ಓದುವ ಮಕ್ಕಳು ‘ಪೇಜಿಂಗ್’ ಪಾಠ ಓದಿ ಪರೀಕ್ಷೆ ಬರೆಯುತ್ತಾರೆ. ಆದರೆ ಆ ಕೋಡನ್ನು ನಿಜವಾಗಿ ಬದಲಿಸಲು ಹೊರಟವರನ್ನು ಯಾರು, ಏನು ಪ್ರಶ್ನಿಸುತ್ತಾರೆ? ಬೆಂಗಳೂರಿನದೇ ಒಂದು ಉದಾಹರಣೆ ನೋಡೋಣ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್‌ಗೆ ಜಗತ್ತಿನ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಬೆಂಗಳೂರಿನ ಐಬಿಎಂನಲ್ಲಿದ್ದ ಬಲ್ಬೀರ್ ಸಿಂಗ್ 2007ರಲ್ಲಿ ‘ಮೆಮೊರಿ ಕಂಟ್ರೋಲರ್’ ಎಂಬ ಸೌಲಭ್ಯವನ್ನು ಮುಂದಿಟ್ಟರು. ರಷ್ಯದ ಪಾವೆಲ್ ಎಮೆಲ್ಯಾನೊವ್ ಜೊತೆಗಿದ್ದರು. ಪ್ರೋಗ್ರಾಮುಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಇಷ್ಟೇ ಮೆಮೊರಿ ಎಂದು ಮಿತಿ ಹಾಕುವ ವ್ಯವಸ್ಥೆ ಅದು. ವಠಾರದಲ್ಲಿ ಮನೆಗಿಷ್ಟು ಬಿಂದಿಗೆ ಎಂದು ಗೊತ್ತುಮಾಡಿದ ಹಾಗೆ.

ಲೆಕ್ಕ ಇಡಬೇಕಾದರೆ ಪ್ರತಿ ಬಿಂದಿಗೆಗೂ ಮನೆಯ ಹೆಸರಿನ ಚೀಟಿ ಬೇಕಲ್ಲ! ಮೆಮೊರಿಯನ್ನು ಸಾಮಾನ್ಯವಾಗಿ 4,096 ಬೈಟುಗಳ ಪುಟಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಪುಟದ ಚೀಟಿಗೆ 64 ಬಿಟ್ ಯಂತ್ರದಲ್ಲಿ 8 ಬೈಟು. ‘ಎಂಟೇ ತಾನೆ’ ಅನ್ನಬೇಡಿ. ಒಂದು ಜಿಬಿಯಲ್ಲಿ 2,62,144 ಪುಟಗಳಿವೆ. ಚೀಟಿಗೇ 2 ಎಂಬಿ ಹೋಯಿತು. 64 ಜಿಬಿಯ ಯಂತ್ರದಲ್ಲಿ 128 ಎಂಬಿ. ಈ ಸೌಲಭ್ಯವೇ ಬೇಡವೆಂದವರೂ ಅದನ್ನು ತೆರಬೇಕೆ? ಪರಿಶೀಲಿಸುವವರು ತೂಗಬೇಕಾದ ಪ್ರಶ್ನೆ ಇದು.

ಹಲವು ಬಾರಿ ತಿದ್ದಿದ ಮೇಲೆ ಆ ಕೋಡು 2008ರ ಏಪ್ರಿಲ್‌ನಲ್ಲಿ 2.6.25ನೇ ಆವೃತ್ತಿಯೊಂದಿಗೆ ಹೊರಬಂತು. ಅದೇ 2008ರಲ್ಲಿ ಜಪಾನಿನ ಕಾಮೆಜಾವಾ ಹಿರೋಯುಕಿ ಚೀಟಿಯನ್ನು ಬೇರೆ ಪಟ್ಟಿಗೆ ಸಾಗಿಸಿದರು. ಬೇಡದವರು ಯಂತ್ರ ಶುರುವಾಗುವಾಗಲೇ ಅದನ್ನು ಕೈಬಿಡಬಹುದಾಯಿತು. ಮುಂದೆ ಆ ಪಟ್ಟಿಯ ಉಳಿದ ವಿವರಗಳೆಲ್ಲ ಕರಗಿ ಒಂದೇ ವಿಳಾಸ ಉಳಿದಾಗ, ಯೊಹಾನೆಸ್ ವೈನರ್ ಅದನ್ನು ಮತ್ತೆ ಮೊದಲಿನ ಜಾಗಕ್ಕೇ ತಂದರು. 2015ರ 3.19ನೇ ಆವೃತ್ತಿಯಲ್ಲಿ ಅದು ಬಂತು. ಪ್ರತಿ ಸಲವೂ ಕಾರಣ ಬರೆದಿಟ್ಟಿದ್ದರಿಂದಲೇ ಮುಂದಿನವರು ಧೈರ್ಯವಾಗಿ ಬದಲಿಸಬಹುದಾಯಿತು.

ಇಷ್ಟು ಕಟ್ಟುನಿಟ್ಟು ಏಕೆ? 2016ರ ಅಕ್ಟೋಬರ್‌ನಲ್ಲಿ ‘ಡರ್ಟಿ ಕೌ’ ಎಂಬ ದೋಷ ಬಯಲಾಯಿತು. ಹಂಚಿಕೊಂಡ ಪುಟದಲ್ಲಿ ಒಬ್ಬ ಬರೆಯಲು ಹೊರಟರೆ ಕರ್ನೆಲ್ ಅವನಿಗೆ ಪ್ರತ್ಯೇಕ ಪ್ರತಿ ಕೊಡಬೇಕು. ಅಲ್ಲಿ ಕ್ಷಣಮಾತ್ರದ ಸಂದು ಉಳಿದಿತ್ತು. ಅದರಲ್ಲಿ ನುಸುಳಿದ ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಯಜಮಾನನೇ ಆಗಬಹುದಿತ್ತು. 2007ರಿಂದ ಅದು ಅಡಗಿತ್ತು. ಹನ್ನೊಂದು ವರ್ಷ ಹಿಂದೆ ಇದನ್ನು ಸರಿಪಡಿಸಲು ಹೋಗಿ ಕೆಟ್ಟದಾಗಿ ಮಾಡಿದ್ದೆ ಎಂದು ಟೊರ್ವಾಲ್ಡ್ಸ್ ತಿದ್ದುಪಡಿಯ ಟಿಪ್ಪಣಿಯಲ್ಲೇ ಬರೆದರು. ಅವರ ಕೋಡಿಗೂ ಇನ್ನೊಂದು ಜೊತೆ ಕಣ್ಣು ಬೇಕು.

ವಿದ್ಯಾರ್ಥಿಗಳೇ, ಈ ಅಭ್ಯಾಸಕ್ಕೆ ದೊಡ್ಡ ಕಂಪೆನಿಯ ಕೆಲಸ ಸಿಗುವವರೆಗೆ ಕಾಯಬೇಕಿಲ್ಲ. ನಿಮ್ಮ ಸಿ ಪ್ರೋಗ್ರಾಮನ್ನು ಗೆಳೆಯನಿಗೆ ಕೊಡಿ, ಅವನದನ್ನು ನೀವು ಓದಿ. ಮೂರು ಪ್ರಶ್ನೆ ಕೇಳಿ: ಪಡೆದ ಮೆಮೊರಿಯನ್ನು, ನಡುವೆ ಕೆಲಸ ಕೆಟ್ಟರೂ, ಹಿಂದಿರುಗಿಸುವವರು ಯಾರು? ಕೇಳಿದಾಗ ಮೆಮೊರಿ ಸಿಗದಿದ್ದರೆ ಏನು ಗತಿ? ಇಬ್ಬರು ಒಟ್ಟಿಗೆ ಅದೇ ಪುಟ ಮುಟ್ಟಿದರೆ? ಉತ್ತರಗಳನ್ನು ಬರೆದಿಡಿ. ಲಿನಕ್ಸ್‌ನ ಮೂಲ ಕೋಡು ಓದಲು ಕಾಸು ಬೇಕಿಲ್ಲ.

ಪಾಲಕರಲ್ಲಿ ಒಂದು ಮಾತು. ‘ಎಷ್ಟು ಅಂಕ ಬಂತು?’ ಎಂಬ ಪ್ರಶ್ನೆ ಹೇಗೂ ಇದ್ದೇ ಇದೆ. ‘ನಿನ್ನ ಪ್ರೋಗ್ರಾಮನ್ನು ಯಾರು ಓದಿದರು, ಏನು ತಪ್ಪು ತೋರಿಸಿದರು?’ ಎಂದೂ ಒಮ್ಮೆ ಕೇಳಿ. ತಪ್ಪು ತೋರಿಸಿದಾಗ ಮುಖ ಸಣ್ಣದು ಮಾಡಿಕೊಳ್ಳದೆ ತಿದ್ದಿಕೊಳ್ಳುವ ಮಗಳೋ ಮಗನೋ ಈ ವಿದ್ಯೆಯ ಅರ್ಧವನ್ನು ಕಲಿತ ಹಾಗೆಯೇ.