ಕಟ್ಟಿಗೆಯ ಡಬ್ಬಿಯ ಸಾಕ್ಷ್ಯ

ಕಳೆದ ವರ್ಷ ಚಂಪಾಷಷ್ಠಿಗೆಂದು ಮಂಗಸೂಳಿಗೆ ಹೋಗಿದ್ದೆನು. ಮಲ್ಲಯ್ಯನ ದರ್ಶನ ಮುಗಿಸಿ, ಹಣೆಯ ತುಂಬ ಭಂಡಾರ ಹಚ್ಚಿಕೊಂಡು ಅಜ್ಜನ ಕಾಲದ ಮನೆಗೆ ಬಂದಾಗ ಅಲ್ಲಿ ಅಟ್ಟದ ಸಾಮಾನುಗಳನ್ನು ಕೆಳಗಿಳಿಸುವ ಕೆಲಸ ನಡೆದಿತ್ತು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಬೇಕೆಂದು ದೊಡ್ಡಪ್ಪನ ಮಕ್ಕಳು ನಿಶ್ಚಯಿಸಿದ್ದರು. ತಾಮ್ರದ ಹಂಡೆ, ಮುರುಕು ತೊಟ್ಟಿಲುಗಳ ನಡುವೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ದೊಡ್ಡಪ್ಪ ಬಾಲ್ಯದಲ್ಲಿ ಆಡಿದ ರೈಲು.

ಒಂದು ಕೀಲಿ ಕೊಡುವ ಎಂಜಿನ್ನು, ಅದರ ಹಿಂದೆ ಕಲ್ಲಿದ್ದಲಿನ ಬಂಡಿ, ತಗಡಿನ ಎರಡು ಡಬ್ಬಿ, ಬಾಗಿದ ಹಳಿಯ ಕೆಲವು ತುಂಡುಗಳು. ಇವುಗಳೊಡನೆ ಕಟ್ಟಿಗೆಯದೊಂದು ಡಬ್ಬಿಯೂ ಇತ್ತು. ನನ್ನ ಪರಿಚಯದ ಒಬ್ಬ ಸಂಗ್ರಾಹಕರು ಅದರ ಚಿತ್ರಗಳನ್ನು ನೋಡಿ ಒಳ್ಳೆಯ ಬೆಲೆಯನ್ನೇ ಹೇಳಿದರು. ಆದರೆ ಕಟ್ಟಿಗೆಯ ಡಬ್ಬಿ ಬೇಡವೆಂದರು. ಅದು ಸೆಟ್ಟಿನದಲ್ಲ, ಅದರಿಂದ ಬೆಲೆ ಇಳಿಯುತ್ತದೆ ಎಂಬುದು ಅವರ ಅಭಿಪ್ರಾಯ. ಆ ಮಾತೇ ನನ್ನನ್ನು ಈ ರೈಲಿನ ಚರಿತ್ರೆಯನ್ನು ಹುಡುಕಲು ಹಚ್ಚಿತು.

ತಗಡಿನ ಡಬ್ಬಿಗಳ ಚರಿತ್ರೆ ಸುಲಭವಾಗಿಯೇ ದೊರೆಯಿತು. ಅವುಗಳ ಮೇಲೆ ಲಿವರ್‌ಪೂಲಿನ ಮೆಕಾನೊ ಕಂಪನಿಯ ಹೆಸರು ಅಚ್ಚಾಗಿದೆ. ಮೊದಲು ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ ಎಂಬಾತನು ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಜೋಡಿಸುವ ಆಟಕ್ಕೆ 1901ರಲ್ಲಿ ಪೇಟೆಂಟು ಪಡೆದನು. 1920ರಲ್ಲಿ ಆಟಿಕೆಯ ರೈಲುಗಳನ್ನು ಮಾರುಕಟ್ಟೆಗೆ ತಂದನು. ನಮ್ಮ ಎಂಜಿನ್ನಿನ ಬಂಡಿಯ ಮೇಲೆ 'ಎಲ್. ಎಂ. ಎಸ್.' ಎಂಬ ಇಂಗ್ಲಿಷ್ ಅಕ್ಷರಗಳಿವೆ. ಬ್ರಿಟನ್ನಿನ 1921ರ ಕಾನೂನಿನಂತೆ ಅಲ್ಲಿಯ ಅನೇಕ ಕಂಪನಿಗಳು ಕೂಡಿ ನಾಲ್ಕು ದೊಡ್ಡ ಕಂಪನಿಗಳಾದುದು 1923ರ ಜನವರಿ 1ರಂದು. ಲಂಡನ್ ಮಿಡ್‌ಲ್ಯಾಂಡ್ ಆ್ಯಂಡ್ ಸ್ಕಾಟಿಶ್ ರೈಲ್ವೆ ಅವುಗಳಲ್ಲೊಂದು. ಆದುದರಿಂದ ಈ ಆಟಿಕೆ 1923ಕ್ಕಿಂತ ಹಿಂದಿನದಲ್ಲ.

ಆದರೆ ಇದು ನಮ್ಮ ಮನೆಗೆ ಬಂದುದು ಯಾವಾಗ? ಅದಕ್ಕೆ ಲಿವರ್‌ಪೂಲಿನಲ್ಲಿ ಉತ್ತರವಿಲ್ಲ. ಉತ್ತರವಿದ್ದುದು ಸಂಗ್ರಾಹಕರು ಬೇಡವೆಂದ ಆ ಡಬ್ಬಿಯಲ್ಲಿ. ಅದರ ಪಕ್ಕದ ಮೇಲೆ ಬಿಳಿಯ ಬಣ್ಣದಲ್ಲಿ, ಸ್ವಲ್ಪ ಓರೆಯಾಗಿ, 'ಎಂ. ಎಸ್. ಎಂ.' ಎಂದು ಬರೆದಿದೆ. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ರೂಪುಗೊಂಡುದು 1908ರಲ್ಲಿ. 1951ರ ಏಪ್ರಿಲ್ 14ರಂದು ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಮಿರಜದಿಂದ ಶೇಡಬಾಳ, ಉಗಾರಗಳ ಮೇಲೆ ಬೆಳಗಾವಿಗೆ ಹೋಗುತ್ತಿದ್ದ ಆಗಿನ ಮೀಟರ್‌ಗೇಜ್ ಗಾಡಿ ಈ ಕಂಪನಿಯದೇ. ಹಳೆಯ ಹೆಸರು ಜನರ ನಾಲಗೆಯಿಂದ ಒಮ್ಮೆಲೇ ಅಳಿಯದು, ನಿಜ. ಆದರೂ ಇದನ್ನು ಬರೆದವನು ಆ ಕಂಪನಿಯ ಗಾಡಿಯನ್ನು ಕಣ್ಣಾರೆ ಕಂಡವನೆಂಬುದರಲ್ಲಿ ಸಂಶಯವಿಲ್ಲ. ಮಂಗಸೂಳಿಗೆ ರೈಲು ಬಂದಿಲ್ಲ. ಅವನೇ ಹೋಗಿ ಹಳಿಯ ಬದಿಯಲ್ಲಿ ನಿಂತು ನೋಡಿರಬೇಕು.

ಓಣಿಯಾಚೆ ಇರುವ ಸೋದರತ್ತೆಯವರನ್ನು ಕೇಳಿದೆನು. ತೊಂಬತ್ತು ದಾಟಿದ ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ ಹೇಳಿದರು: "ತಮ್ಮಾ, ಇದು ನಮ್ಮ ಬಡಿಗ್ಯಾರು ಮಾಡಿಕೊಟ್ಟದ್ದು. ಅಣ್ಣ ಒಂದ ಡಬ್ಬಿ ಕಳಕೊಂಡು ಎರಡ ದಿವಸ ಉಂಡಿದ್ದಿಲ್ಲ. ಅವರು ರೊಕ್ಕ ಏನೂ ತಗೊಳ್ಳಿಲ್ಲ. ಸುಗ್ಗ್ಯಾಗ ಆಯದ ಜ್ವಾಳ ಕೊಡತಿದ್ದಿವಲ್ಲ, ಅದರಾಗ ಬಂತು ಅಂದ್ರು."

ಬಡಿಗರ ಹೆಸರೇನೆಂದು ಕೇಳಿದೆನು. "ನಾಲಿಗಿ ತುದೀಗಿ ಬರತೈತಿ, ಹೊರಗ ಬರೂದಿಲ್ಲ" ಎಂದು ನಕ್ಕರು. ನೆನಪಾದರೆ ತಿಳಿಸುವೆನೆಂದರು. ಈ ಆಷಾಢದಲ್ಲಿ ಅತ್ತೆಯವರು ತೀರಿಕೊಂಡರು. ಬಡಿಗರ ಮನೆತನದವರು ಊರು ಬಿಟ್ಟು ಎಷ್ಟೋ ವರ್ಷಗಳಾಗಿವೆ. ಊರಿನ ಹಿರಿಯರಲ್ಲಿ ನಾನು ಕೇಳಿದ ಯಾರಿಗೂ ಆ ಹೆಸರು ಗೊತ್ತಿಲ್ಲ.

ಆ ಡಬ್ಬಿಯನ್ನು ಹಳಿಯ ಮೇಲಿಟ್ಟು ನೋಡಿದ್ದೇನೆ. ಹಳಿಗಳ ನಡುವಿನ ಅಂತರ ಒಂದೂಕಾಲು ಇಂಚು. ಲಿವರ್‌ಪೂಲಿನ ಕಾರ್ಖಾನೆ ಯಂತ್ರದಿಂದ ಸಾಧಿಸಿದ ಆ ಅಳತೆಯನ್ನು ನಮ್ಮ ಬಡಿಗರು ಉಳಿಯಿಂದ ಸಾಧಿಸಿದ್ದಾರೆ. ಗಾಲಿಗಳಿಗೆ ಅಂಚು ಬಿಟ್ಟಿದ್ದಾರೆ. ತಂತಿಯನ್ನು ಮಣಿಸಿ ಕೊಂಡಿ ಮಾಡಿದ್ದಾರೆ. ಡಬ್ಬಿ ಇಂದಿಗೂ ಹಳಿ ತಪ್ಪದೆ ಉರುಳುತ್ತದೆ. ಗೋಕಾಕದ ಕಟ್ಟಿಗೆಯ ಹಣ್ಣುಗಳೂ ಗೊಂಬೆಗಳೂ ಇಂಗ್ಲಿಷರ ಗೆಝೆಟಿಯರಿನಲ್ಲಿ ಕೂಡ ಸ್ಥಾನ ಪಡೆದ ಜಿಲ್ಲೆ ನಮ್ಮದು; ಇಲ್ಲಿ ಇಂಥ ಕೈಗಳಿದ್ದುದು ಆಶ್ಚರ್ಯವಲ್ಲ. ಆದರೆ ಹಾರ್ನ್‌ಬಿಯ ಹೆಸರು ಪ್ರತಿಯೊಂದು ತಗಡಿನ ಮೇಲೂ ಉಳಿಯಿತು, ಪುಸ್ತಕಗಳಲ್ಲಿಯೂ ಸೇರಿತು. ನಮ್ಮವರ ಹೆಸರು ಒಬ್ಬ ಮುದುಕಿಯ ನಾಲಗೆಯ ತುದಿಯವರೆಗೆ ಬಂದು ನಿಂತಿತು. ಹತ್ತು ವರ್ಷ ಮೊದಲೇ ಕೇಳಿದ್ದರೆ ಅದು ಸಿಗುತ್ತಿತ್ತು. ಕೇಳದೆ ಇದ್ದ ತಪ್ಪು ನನ್ನದೇ.

ಹಳೆಯ ವಸ್ತುಗಳ ಮೇಲೆ ಈಗ ನಮ್ಮವರಿಗೆ ಪ್ರೀತಿ ಬಂದಿದೆ. ಅದು ಸಂತೋಷದ ವಿಷಯ. ಆದರೆ ಮೂಲದಲ್ಲಿ ಇದ್ದಂತೆಯೇ ಇರಬೇಕೆಂಬ ಹಟದಲ್ಲಿ ಬೆಸುಗೆ, ತೇಪೆ, ಮರುಜೋಡಣೆಗಳನ್ನೆಲ್ಲ ಕಿತ್ತೆಸೆಯುವುದು ಸರಿಯಲ್ಲ. ಪರದೇಶದಿಂದ ಬಂದ ವಸ್ತು ನಮ್ಮದಾಗುವುದು ಆ ತೇಪೆಯಲ್ಲಿಯೇ. ಮನೆ ಕೆಡವುವ ಮೊದಲು, ಮಾರುವ ಮೊದಲು, ಬಣ್ಣ ಬಳಿಯುವ ಮೊದಲು, ಮನೆಯಲ್ಲಿರುವ ಹಿರಿಯರ ಮುಂದೆ ಆ ವಸ್ತುವನ್ನಿಟ್ಟು ಕೇಳಬೇಕು: ಇದನ್ನು ತಂದವರು ಯಾರು, ಮುರಿದಾಗ ಕೂಡಿಸಿದವರು ಯಾರು? ಹೇಳಿದುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆಯೇ ಇಡಬೇಕು. ಇದಕ್ಕೆ ಪಾಂಡಿತ್ಯ ಬೇಡ, ಹಣ ಬೇಡ. ಒಂದು ಮಧ್ಯಾಹ್ನ ಸಾಕು.

ರೈಲನ್ನು ಮಾರಲಿಲ್ಲ. ಎಂಜಿನ್ನಿನ ಗಾಲಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಭಂಡಾರದ ಹಳದಿಯನ್ನೂ ನಾನು ಒರೆಸಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಅತ್ತೆಯವರು ಹೇಳಿದ ಮಾತು ಇದೆ. ಬಡಿಗರ ಹೆಸರಿಗಾಗಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.